ಅಕ್ಬರಬಿಯ ನಾಲ್ಕನೇ ಸೀಟು

ಘಾಟ್ಕೋಪರ್‌ನಿಂದ ದಾದರ್ ಕಡೆ ಹೋಗುವ ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ಎರಡು ಪದ್ಧತಿಗಳಿವೆ. ಯಾರು ಹಾಕಿದರೋ ಗೊತ್ತಿಲ್ಲ, ಮುರಿದವರು ಮಾತ್ರ ಯಾರೂ ಇಲ್ಲ. ಹತ್ತಿದವಳು ಕೂತವಳನ್ನು ಕೇಳುವ ಮೊದಲ ಮಾತು, "ಎಲ್ಲಿ ಇಳೀತೀರಿ?" ಕೂತವಳು ಕುರ್ಲಾ ಅಂದರೆ ಕುರ್ಲಾದಿಂದ ಆ ಸೀಟು ಕೇಳಿದವಳದು. ರಸೀದಿಯಿಲ್ಲ, ಬರಹವಿಲ್ಲ, ಬರೀ ಬಾಯಿಮಾತು. ಇನ್ನೊಂದು, ಮೂವರು ಕೂರುವ ಸೀಟಿನಲ್ಲಿ ನಾಲ್ಕನೆಯವಳಿಗೂ ಪಾಲುಂಟು. ಅವಳು ಬಂದು ನಿಂತರೆ ಸಾಕು, ಮೂವರೂ ಮೈ ಹಿಡಿಮಾಡಿ ಸರಿಯುತ್ತಾರೆ. ನಾಲ್ಕು ಬೆರಳಿನಷ್ಟು ಜಾಗ ಹುಟ್ಟುತ್ತದೆ. ಅದರಲ್ಲಿ ಅರ್ಧ ದೇಹ ಊರಿ, ಉಳಿದರ್ಧವನ್ನು ಗಾಳಿಯ ಮೇಲೆ ಬಿಟ್ಟು ಅವಳು ತನ್ನ ಸ್ಟೇಷನ್ ಮುಟ್ಟುತ್ತಾಳೆ.

ಈ ಎರಡೂ ಪದ್ಧತಿಗಳನ್ನು ಇಪ್ಪತ್ತೇಳು ವರ್ಷ ನಡೆಸಿಕೊಂಡು ಬಂದವಳು ಅಕ್ಬರಬಿ. ಹುಟ್ಟಿದ್ದು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು, ಬಾಳಿದ್ದು ಘಾಟ್ಕೋಪರ್‌ನ ಗುಡ್ಡದ ಮೇಲಿನ ಚಾಳು, ದುಡಿದದ್ದು ದಾದರ್‌ನಲ್ಲಿ. ಅಲ್ಲೊಂದು ಸೀರೆ ಅಂಗಡಿಯ ಮೆಟ್ಟಿಲ ಕೆಳಗೆ ಹೊಲಿಗೆ ಮಶೀನು ಇಟ್ಟುಕೊಂಡು ಹೊಸ ಸೀರೆಗಳಿಗೆ ಫಾಲ್ ಹಚ್ಚುವುದು ಅವಳ ಕೆಲಸ. ವಯಸ್ಸು ಅರವತ್ತೊಂದು. ಡಬ್ಬಿಯಲ್ಲಿ ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯುತ್ತಾರೆ, ಯಾವ ಚೀಲ ಯಾರದು, ಯಾರಿಗೆ ಎಷ್ಟನೇ ತಿಂಗಳು, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿ. "ಏ ಪೋರಿ, ಆ ಕನ್ನಡಕದಾಕಿ ಸಾಯನ್‌ಗೆ ಇಳೀತಾಳ, ಅಲ್ಲಿ ನಿಂದರು," ಎಂದು ಕನ್ನಡ, ಹಿಂದಿ, ಮರಾಠಿ ಕಲಸಿ ಕೂಗಿದಳೆಂದರೆ ಗರ್ಭಿಣಿಗೆ ಸೀಟು ಸಿಕ್ಕಿತೆಂದೇ ಲೆಕ್ಕ. ಡಬ್ಬಿಯವರು ಅವಳನ್ನು ಕರೆಯುವುದೇ ಸೀಟ್‌ವಾಲಿ ಮೌಶಿ, ಅಂದರೆ ಸೀಟಿನ ಚಿಕ್ಕಮ್ಮ, ಎಂದು.

ಇಂಥ ಅಕ್ಬರಬಿಗೆ ಒಂದು ಹರಕೆ ತೀರಿಸುವುದು ಬಾಕಿ ಇತ್ತು.

ಮಗ ಆಸಿಫನಿಗೆ ನಾಲ್ಕು ವರ್ಷವಿದ್ದಾಗ ಕಾಮಾಲೆ ಬಂದು, ಹುಡುಗ ಅರಿಸಿನ ಬಳಿದಂತಾಗಿ, ಕಣ್ಣು ತೆರೆಯದೆ ಮಲಗಿದ್ದ. ಆಗ ಗಂಡ ದಾವಲಸಾಬ ಬಗದಾದಿನ ದೊಡ್ಡ ದರ್ಗಾಕ್ಕೆ ಬೇಡಿಕೊಂಡ. ಮಗ ಎದ್ದರೆ ಹೆಂಡತಿಯ ಕೈಯಿಂದ ಹೊಲಿಸಿದ ಚಾದರ ತಂದು ಹೊದಿಸುತ್ತೇನೆ ಎಂದ. ಮಗ ಎದ್ದ. ಎದ್ದವನು ಓದಿದ, ದೊಡ್ಡವನಾದ, ವಿಲೆ ಪಾರ್ಲೆಯಲ್ಲಿ ವಿಮಾನದ ಸರಕು ಏರಿಸುವ ಶೆಡ್ಡಿನಲ್ಲಿ ಸೂಪರ್‌ವೈಸರ್ ಆದ. ಅತ್ತ ಆ ದೇಶದಲ್ಲಿ ಒಂದಾದ ಮೇಲೊಂದು ಗಲಾಟೆ. ಹೋಗುವುದು ಮುಂದೆ ಬಿತ್ತು, ಮತ್ತೆ ಮುಂದೆ ಬಿತ್ತು. ಐದು ವರ್ಷದ ಹಿಂದೆ ದಾವಲಸಾಬನೂ ತೀರಿಕೊಂಡ. ಹೋಗುವ ಮುಂಚೆ ಹೆಂಡತಿಯ ಕೈ ಹಿಡಿದು, "ಆ ಕೆಲಸ ಒಂದು ಉಳೀತು," ಅಂದಿದ್ದ.

ಅಂದಿನಿಂದ ಅಕ್ಬರಬಿ ಊಟದ ಬಿಡುವಿನಲ್ಲಿ ಹಸಿರು ಮಖಮಲ್ಲಿನ ಚಾದರ ಹೊಲಿಯತೊಡಗಿದಳು. ಗಿರಾಕಿಗಳ ಹಳೆ ಸೀರೆಯ ಜರಿ ತುಣುಕು ಕೇಳಿ ಇಸಕೊಂಡು ಅಂಚಿಗೆ ಕೂಡಿಸಿದಳು. ಪೈಠಣಿಯ ತುಣುಕು, ಇಳಕಲ್ಲಿನ ತುಣುಕು, ಯಾವುದೋ ಮದುಮಗಳ ಬನಾರಸಿಯ ತುಣುಕು. ಚಾದರ ಮುಗಿಯುವ ಹೊತ್ತಿಗೆ ಕುರ್ಲಾದ ಬಾಷಾ ಭಾಯಿಯ ಸುದ್ದಿ ಬಂತು. ಚಳಿಗಾಲದಲ್ಲಿ ಇಪ್ಪತ್ತೆರಡು ಮಂದಿಯನ್ನು ಕರೆದುಕೊಂಡು ಬಗದಾದಿಗೆ ಹೊರಡುತ್ತಾನಂತೆ. ಅವನ ಫಾರಂನಲ್ಲಿ ಮನೆಯವರೊಬ್ಬರ ಸಹಿ ಬೇಕು. ಹೆಚ್ಚುಕಡಿಮೆ ಆದರೆ ಯಾರಿಗೆ ಫೋನ್ ಮಾಡಬೇಕು ಎಂಬ ಖಾನೆ ಅದು.

ಅಕ್ಬರಬಿ ಫಾರಂ ಮಗನ ಮುಂದಿಟ್ಟಳು. ಮಗ ಅದನ್ನು ಮಡಚಿ ಟಿವಿಯ ಮೇಲಿಟ್ಟ.

"ಅಮ್ಮೀ, ನಹೀ ಅಂದ್ರ ನಹೀ. ಸರ್ಕಾರದ ಸೂಚನೆ ನೋಡೀರೇನು? ಜರೂರಿ ಇದ್ರ ಮಾತ್ರ ಹೋಗ್ರಿ ಅಂತ ಬರದಾರ."

"ನನಗ ಜರೂರಿನ ಐತಲ್ಲೋ!"

ನೋಡಿ ವಿಚಿತ್ರ! ಯಾವ ಹುಡುಗನಿಗಾಗಿ ಹರಕೆಯೋ ಅದೇ ಹುಡುಗ ಬಾಗಿಲಿಗೆ ಅಡ್ಡ ನಿಂತ.

ಮುಂದಿನ ಭಾನುವಾರ ಬಾಷಾ ಭಾಯಿಯೇ ಗುಡ್ಡ ಹತ್ತಿ ಬಂದ. ಹುಬ್ಬಳ್ಳಿಯವನು. ಎಂಟು ವರ್ಷ ಬಸರಾದಲ್ಲಿ ಏಸಿ ರಿಪೇರಿ ಮಾಡಿಕೊಂಡಿದ್ದವನು. ಪಕ್ಕದ ಖೋಲಿಯ ಚನ್ನವ್ವನೂ ಬಂದು ಹೊಸ್ತಿಲಲ್ಲಿ ಕೂತಳು. ಚನ್ನವ್ವ ಅಕ್ಬರಬಿಯ ಜಿಲ್ಲೆಯವಳೇ. ಆಫೀಸಿನ ಮಂದಿಗೆ ಖಡಕ್ ರೊಟ್ಟಿ, ಚಕ್ಕಲಿ ಮಾಡಿ ಮಾರುವವಳು. ಸೊಸೆ ಗುಲಾಫಶಾ ಚಹಾ ತಂದಳು.

"ಅಲ್ಲಿ ಏನೂ ಭಯ ಇಲ್ಲ ಅಂತ ಹೇಳಾಕ ಬಂದೀರೇನು?" ಆಸಿಫ ಕೇಳಿದ.

"ಭಯ ಐತಿ," ಅಂದ ಬಾಷಾ, ಚಹಾ ಊದುತ್ತ. "ಇಲ್ಲ ಅಂತ ಹೇಳೋರ ಸಂಗಡ ಕಳಸಬ್ಯಾಡ್ರಿ. ನಾ ಹೋಗೂದು ಭಯ ಇಟಗೊಂಡನ. ಹೋಗೋಕಿಂತ ಮೊದಲ ನಮ್ಮ ರಾಯಭಾರ ಕಚೇರಿಗೆ ಎಲ್ಲಾರ ಹೆಸರು ಬರಸ್ತೀನಿ. ಡ್ರೈವರ ಗುರ್ತಿನವ. ಕತ್ತಲಾದ ಮ್ಯಾಲ ಹೊರಗ ಇಲ್ಲ. ಚೆಕ್‌ಪೋಸ್ಟಿನ್ಯಾಗ ಫೋಟೋ ಇಲ್ಲ. ಎಲ್ಲ್ಯಾರ ಗದ್ದಲ ಕಂಡ್ರ, ಏನಾಗೇತಿ ಅಂತ ನೋಡಾಕ ನಿಂದ್ರೂದಿಲ್ಲ, ಹೊಳ್ಳಿ ಬರೂದು. ಮತ್ತ ಎಲ್ಲಾಕಿಂತ ದೊಡ್ಡ ಮಾತು, ಇವತ್ತು ಎಲ್ಲಿ, ನಾಳೆ ಎಲ್ಲಿ, ಯಾವ ಹೋಟೆಲು, ಇದನ್ನ ಗುರ್ತಿಲ್ಲದವರಿಗೆ ಒಂದಕ್ಷರ ಹೇಳಬಾರದು."

ಇಷ್ಟು ಕೇಳಿದ್ದೇ ಆಸಿಫ ನಗತೊಡಗಿದ. ಗುಲಾಫಶಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಚನ್ನವ್ವ ಮುಚ್ಚಿಕೊಳ್ಳಲಿಲ್ಲ.

"ಅಯ್ಯ ನಮ್ಮಕ್ಕಾ? ವಿದ್ಯಾವಿಹಾರ ಬರೂದ್ರೊಳಗ ಬಾಜೂಕಿನಾಕಿ ಬೀಗರ ಹೆಸರು ಕೇಳಿರ್ತಾಳ! ಬಗದಾದ ಮುಟ್ಟೂದ್ರೊಳಗ ಪೈಲಟ್‌ಗೂ ಕೇಳ್ತಾಳ, ನೀವೆಲ್ಲಿ ಇಳೀತೀರಿ ಅಂತ!"

ಅಕ್ಬರಬಿಗೆ ಸಿಟ್ಟು ಬಂತು. "ಹಂಗಂದ್ರ ನೋಡೇಬಿಡ್ರಿ. ನಾಳೆ ದಾದರ್‌ಗೆ ಹೋಗಿ ಬರ್ತೀನಿ. ನಾ ಎಲ್ಲಿ ಹೊಂಟೀನಿ ಯಾರಿಗೂ ಹೇಳೂದಿಲ್ಲ, ಯಾರನ್ನೂ ಎಲ್ಲಿ ಹೊಂಟೀರಿ ಅಂತ ಕೇಳೂದಿಲ್ಲ, ಗಾಡ್ಯಾಗ ಬಾಯೇ ತೆಗ್ಯೂದಿಲ್ಲ. ಗೆದ್ರ ಸಹಿ ಮಾಡ್ತೀಯೋ ಇಲ್ಲೋ?"

"ಮಾಡ್ತೀನಿ," ಅಂದ ಆಸಿಫ. ಗೆಲ್ಲುವುದಿಲ್ಲ ಎಂಬ ಧೈರ್ಯ ಅವನಿಗೆ. ಪರೀಕ್ಷೆ ನೋಡಲು ಜೊತೆಗೆ ಚನ್ನವ್ವ ಹೋಗುವುದೆಂದು ಗೊತ್ತಾಯಿತು. ಹೇಗೂ ಅವಳಿಗೆ ದಾದರ್ ಮಾರ್ಕೆಟ್ಟಿನಲ್ಲಿ ಹೊಸ ಚಕ್ಕಲಿ ಒತ್ತು ಕೊಳ್ಳುವುದಿತ್ತು.

ಸೋಮವಾರ ಬೆಳಿಗ್ಗೆ ಅಕ್ಬರಬಿ ತುಟಿ ಬಿಗಿದುಕೊಂಡು ಡಬ್ಬಿ ಹತ್ತಿದಳು. ಡಬ್ಬಿಗೆ ಡಬ್ಬಿಯೇ ಗಾಬರಿಯಾಯಿತು.

"ಮೌಶೀ, ಆಜ್ ಕಾಯ್ ಝಾಲಂ?" ಇವತ್ತೇನಾಗಿದೆ ಎಂದು ಕೇಳಿದವಳು ಸೋನಾಲಿ, ಪರೇಲಿನ ಆಫೀಸಿಗೆ ಹೋಗುವ ಹುಡುಗಿ. ಅಕ್ಬರಬಿ ಗಂಟಲು ಮುಟ್ಟಿ ತೋರಿಸಿದಳು. ಸೋನಾಲಿ ಪರ್ಸಿನಿಂದ ಕೆಮ್ಮಿನ ಗುಳಿಗೆ ತೆಗೆದುಕೊಟ್ಟಳು. ಆಕೆಯನ್ನು ನೋಡಿ ಇನ್ನೊಬ್ಬಳು ಜ್ಯೇಷ್ಠಮಧು ಕೊಟ್ಟಳು. ಮತ್ತೊಬ್ಬಳು ಲವಂಗ. ಸಾಯನ್ ಬರುವಷ್ಟರಲ್ಲಿ ಅಕ್ಬರಬಿಯ ಅಂಗೈಯಲ್ಲಿ ಒಂದು ಸಣ್ಣ ಔಷಧದಂಗಡಿ ಕೂತಿತ್ತು. ಅಷ್ಟರಲ್ಲಿ ಯಾರು ಎಲ್ಲಿ ಇಳಿಯುತ್ತಾರೆಂದು ಹೇಳುವವರಿಲ್ಲದೆ ಎರಡು ಸೀಟಿಗೆ ಜಗಳವಾಯಿತು. ಅಕ್ಬರಬಿ ಲವಂಗ ಕಚ್ಚಿಕೊಂಡು ಕೂತಳು. ದಾದರ್‌ನಲ್ಲಿ ಇಳಿದಾಗ ಚನ್ನವ್ವ, "ಅರ್ಧ ಪಾಸ್," ಅಂದಳು.

ಸಂಜೆ ಐದರ ಗಾಡಿ. ಕಾಲಿಡಲು ಜಾಗವಿಲ್ಲ. ಅಕ್ಬರಬಿಗೆ ನಾಲ್ಕನೇ ಸೀಟು ಸಿಕ್ಕಿತು. ಚನ್ನವ್ವನ ಹೆಗಲಲ್ಲಿ ಸೊಪ್ಪಿನ ಚೀಲ, ಕೈಯಲ್ಲಿ ಹೊಸ ಹಿತ್ತಾಳೆ ಒತ್ತಿದ್ದ ಕಪ್ಪು ಚೀಲ. ಕಪ್ಪು ಚೀಲವನ್ನು ಅಕ್ಬರಬಿಯ ತಲೆಯ ಮೇಲಿನ ಹಲಗೆಯ ಮೇಲೆ ತುರುಕಿದಳೋ ಇಲ್ಲವೋ, ಮಾಟುಂಗಾದಲ್ಲಿ ಹತ್ತಿದ ಗುಂಪು ಅವಳನ್ನು ಎಳೆದುಕೊಂಡು ಹೋಗಿ ಆ ಬದಿಯ ಬಾಗಿಲಿಗೆ ನಿಲ್ಲಿಸಿತು.

ಸಾಯನ್ ದಾಟಿದ ಮೇಲೆ ಒಬ್ಬಳು ತನ್ನ ಪರ್ಸು ಮೇಲಿಡಲು ಹೋಗಿ ಕಪ್ಪು ಚೀಲ ಮುಟ್ಟಿದಳು. ಒಳಗೆ ಗಟ್ಟಿ, ಉದ್ದ, ಗುಂಡಗಿನ ಲೋಹ.

"ಏ ಕಿಸ್ಕಾ ಹೈ?"

ಇದು ಯಾರದೆಂದು ಕೇಳಿದ್ದಕ್ಕೆ ನನ್ನದು ಎಂದು ಯಾರೂ ಮುಂದೆ ಬರಲಿಲ್ಲ. ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ ಎಂದು ಸ್ಟೇಷನ್ನಿನ ಮೈಕು ಹಗಲೆಲ್ಲ ಒದರುವ ಊರು ಇದು. ಡಬ್ಬಿಯಲ್ಲಿ ಒಮ್ಮೆಲೇ ಜಾಗ ಹುಟ್ಟಿತು. ಇಷ್ಟು ಹೊತ್ತು ಎಲ್ಲಿತ್ತೋ ಆ ಜಾಗ! ಅತ್ತ ಬಾಗಿಲಲ್ಲಿ ಏನೂ ಕಾಣದೆ ನಿಂತಿದ್ದ ಚನ್ನವ್ವ, ಹೆಗಲ ಮೇಲಿನ ಸೊಪ್ಪಿನ ಚೀಲವನ್ನು ಎದೆಗವಚಿಕೊಂಡು ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಕೂಗಿದಳು. "ಯಾರೂ ಮುಟ್ಟಬ್ಯಾಡ್ರೀ! ಹಾತ್ ಮತ್ ಲಗಾವೋ! ಪೊಲೀಸರನ್ನ ಕರೀರಿ! ಎಂಥಾ ಹೆಂಗಸರ ಇರ್ತಾರ, ಚೀಲ ಇಟ್ಟು ಮರ್ತು ನಿಂದರೋರು!"

ಅಕ್ಬರಬಿಗೆ ಚೀಲ ಯಾರದೆಂದು ಗೊತ್ತು. ಒಳಗೇನಿದೆ ಗೊತ್ತು. ಬಾಯಿ ತೆರೆದರೆ ಸಹಿ ಹೋಯಿತು. ಸಹಿ ಹೋದರೆ ಚಾದರ ಪೆಟ್ಟಿಗೆಯಲ್ಲೇ ಉಳಿಯಿತು. ಎದುರಿನ ಹುಡುಗಿ ಅಳತೊಡಗಿದ್ದಳು. ಯಾರೋ ಸರಪಳಿಗೆ ಕೈ ಹಾಕಿದರು. ಕುರ್ಲಾ ಬಂತು, ಗಾಡಿ ನಿಂತಿತು, ಪೊಲೀಸಬಾಯಿಯೊಬ್ಬಳು ಹತ್ತಿದಳು. ಅಕ್ಬರಬಿ ಎದ್ದಳು. ಡಬ್ಬಿಗೆ ಕೇಳುವಂತೆ ಕೂಗಲಿಲ್ಲ. ನೇರ ಪೊಲೀಸಬಾಯಿಯ ಹತ್ತಿರ ಹೋಗಿ ಮೆಲ್ಲಗೆ ಮೂರು ಮಾತು ಹೇಳಿದಳು. ಚೀಲ ತೆರೆದರು. ಹಿತ್ತಾಳೆಯ ಒತ್ತು ಫಳಫಳ ಹೊಳೆಯಿತು. ಡಬ್ಬಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಚನ್ನವ್ವನ ಮುಖ ಮಾತ್ರ ಅವಳ ಸೊಪ್ಪಿಗಿಂತ ಹೆಚ್ಚು ಬಾಡಿತು.

ಆ ಸಂಜೆ ಬಾಷಾನೂ ಬಂದಿದ್ದ. ನಡೆದದ್ದು ಕೇಳಿ ಆಸಿಫ ಅಂದ, "ಬಾಯಿ ತೆಗದದ್ದು ತೆಗದದ್ದನ. ಫೇಲ್."

"ತಡೀರಿ," ಅಂದ ಬಾಷಾ. "ಚನ್ನವ್ವಾರ, ಪೊಲೀಸಬಾಯಿಗೆ ಇವರು ಏನೇನು ಹೇಳಿದ್ರು?"

"ಆಮ್ಯಾಲ ಆ ಪೊಲೀಸಬಾಯೀನ ನನಗ ಹೇಳಿದ್ಲು. ಅಕ್ಕ ಚೀಲ ನಮ್ಮದು ಅಂದ್ಲಂತ. ಒಳಗ ಚಕ್ಕಲಿ ಒತ್ತು ಐತಿ ಅಂದ್ಲಂತ. ಕೆಂಪು ಸೀರಿಯಾಕೀದು ಅಂತ ನನ್ನ ಕಡೆ ಕೈ ಮಾಡಿದ್ಲಂತ."

"ನಿಮ್ಮ ಹೆಸರು?"

"ಇಲ್ಲ."

"ಮನಿ ಎಲ್ಲಿ, ಎಲ್ಲಿಂದ ಬಂದ್ರಿ?"

"ಅದೂ ಇಲ್ಲ. ಆಮ್ಯಾಲ ಡಬ್ಬಿಯವರು ಕೇಳಿದ್ರು, ಮೌಶಿ ಇವತ್ತ ಯಾಕ ಹಿಂಗ, ಎಲ್ಲಿ ಹೊಂಟೀರಿ ಅಂತ. ‘ಮುಂದ’ ಅಂದ್ಲು. ಅಷ್ಟ. ನನ್ನ ಕಿವಿಲೆ ನಾ ಕೇಳೇನಿ."

ಬಾಷಾ ಆಸಿಫನ ಕಡೆ ತಿರುಗಿದ. "ಬಾಯಿಗೆ ಕೀಲಿ ಹಾಕ್ಕೊಂಡವರನ್ನ ಕರಕೊಂಡು ಹೋಗಿ ನಾ ಏನ್ ಮಾಡ್ಲಿ? ತ್ರಾಸು ಬಂದಾಗ ಹೇಳಬೇಕಾದವರಿಗೆ ಹೇಳಬೇಕು, ಎಷ್ಟು ಬೇಕೋ ಅಷ್ಟ. ಉಳಿದವರಿಗೆ ಹೇಳಬಾರದು. ಇವರಿಗೆ ಅದು ಬರ್ತೈತಿ. ಮ್ಯಾಲ, ಯಾರ ಚೀಲ ಯಾವುದು ಅಂತ ನೆನಪಿಡೋ ಮನಶ್ಯಾರು ನನ್ನ ಗುಂಪಿನ್ಯಾಗ ಒಬ್ಬರೂ ಇಲ್ಲ. ಎಣಿಕಿ ಕೆಲಸ ಇವರಿಗೇ ಕೊಡ್ತೀನಿ."

ಆಸಿಫ ತಲೆ ಎತ್ತದೆ ಅಂದ, "ಅಮ್ಮೀ, ನೀವು ಹೋಗೂದು ನನ್ನ ಸಲುವಾಗಿ. ಅಲ್ಲಿ ನಿಮಗ ಏನಾರ ಆದ್ರ, ಅದೂ ನನ್ನ ಸಲುವಾಗೇ ಆದಂಗ ಅಲ್ಲೇನು?"

ಇದು ಒಳಗಿನ ಮಾತು. ಸೂಚನೆ, ಸರ್ಕಾರ ಎಲ್ಲ ಅದರ ಮೇಲಿನ ಹೊದಿಕೆ. ಅಕ್ಬರಬಿ ಮಗನ ಪಕ್ಕ ಸರಿದು ಕೂತಳು.

"ನಿನಗ ಕಾಮಾಲಿ ಬಂದಾಗ ಸೊಂಟಮಟ ಮಳಿ ನೀರಾಗ ನಿನ್ನ ಹೊತಗೊಂಡು ದವಾಖಾನಿಗೆ ಹೋಗೇನಿ. ಆಗೂ ಭಯ ಇತ್ತು. ಕೋಲು ಹಿಡದು ನೆಲ ತಡಕಿ ತಡಕಿ ಹೆಜ್ಜಿ ಇಟ್ಟೆ, ಗಟರಿನ ಮುಚ್ಚಳ ತೆಗದಿರ್ತಾರಂತ. ಈಗೂ ಹಂಗ ಹೋಗ್ತೀನಿ. ತಡಕಿ ತಡಕಿ."

ಗುಲಾಫಶಾ ಟಿವಿಯ ಮೇಲಿನ ಫಾರಂ ತಂದು, ಗಂಡನ ಕೈಗೆ ಪೆನ್ನು ಕೊಟ್ಟಳು. "ಸೈನ್ ಕರೋ ಜೀ. ಚಾದರ್ ಕಬ್ ತಕ್ ಮೇರೀ ಪೇಟೀ ಮೇಂ ರಹೇಗೀ? ಮೇರೀ ಸಾಡಿಯೋಂ ಕೋ ಜಗಾ ನಹೀ ಹೈ." ನನ್ನ ಪೆಟ್ಟಿಗೆಯಲ್ಲಿ ಸೀರೆಗಳಿಗೇ ಜಾಗವಿಲ್ಲ ಎಂಬ ಈ ತಕರಾರಿಗೆ ಆಸಿಫ ನಕ್ಕುಬಿಟ್ಟ. ಸಹಿ ಹಾಕಿದ. ಹಾಕುವಾಗ ಒಂದು ಶರತ್ತೂ ಹಾಕಿದ. ಹೊರಡುವ ದಿನದವರೆಗೂ ಸೂಚನೆ ನೋಡುತ್ತಿರುತ್ತೇನೆ, ಬೇಡ ಅಂದರೆ ಚೀಲ ಕಟ್ಟಿದ್ದರೂ ಬಿಚ್ಚಬೇಕು.

ಬಿಚ್ಚಬೇಕಾಗಿಯೂ ಬಂತು. ಡಿಸೆಂಬರಿನಲ್ಲಿ ಅಲ್ಲಿ ಏನೋ ಗದ್ದಲವೆಂದು ಸುದ್ದಿ ಬಂದಾಗ ಆಸಿಫನಿಗಿಂತ ಮೊದಲು ಬಾಷಾನೇ ಫೋನ್ ಮಾಡಿ, ಈಗ ಬೇಡ ಅಂದ. ಅಕ್ಬರಬಿ ಅಳಲಿಲ್ಲ. ಚಾದರಕ್ಕೆ ಇನ್ನೊಂದು ಸಾಲು ಜರಿ ಹಚ್ಚಿದಳು. ಜೊತೆಗೆ ಇನ್ನೊಂದು ಕೆಲಸ ಮಾಡಿದಳು. ಪಾಸ್‌ಪೋರ್ಟಿನ ಝೆರಾಕ್ಸು, ರಾಯಭಾರ ಕಚೇರಿಯ ನಂಬರು, ರಕ್ತದ ಗುಂಪು, ಇಷ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತನ್ನ ಸೀರೆಯ ಫಾಲಿನ ಒಳಗೆ ಹೊಲಿದುಕೊಂಡಳು. ಪರ್ಸು ಕಳೆದೀತು, ಉಟ್ಟ ಸೀರೆ ಹೇಗೆ ಕಳೆದೀತು? ಬಾಷಾ ಅದನ್ನು ಕಂಡು, ಇಪ್ಪತ್ತೆರಡೂ ಮಂದಿಯ ಬಟ್ಟೆಗಳನ್ನು ಮೂಟೆ ಕಟ್ಟಿ ತಂದು ಅವಳ ಮಶೀನಿನ ಮುಂದೆ ಇಳಿಸಿದ. ದಿನಾ ಮುಂಬಯಿ ಗಡಿಯಾರದ ಸಂಜೆ ಐದೂವರೆಗೆ, ಅಂದರೆ ಅಲ್ಲಿಯ ಮಧ್ಯಾಹ್ನ ಮೂರಕ್ಕೆ, ಮಗನಿಗೆ ಒಂದು ಮೆಸೇಜು ಎಂದು ಮಾತಾಯಿತು. ಅದರಲ್ಲಿ ಊರು, ಹೋಟೆಲಿನ ಹೆಸರು ಬೇಡ. ಕ್ಷೇಮವಾಗಿ ಹೋಟೆಲು ಮುಟ್ಟಿದರೆ, "ಘಾಟ್ಕೋಪರ್ ಬಂತು." ತಡವಾದರೆ, "ಗಾಡಿ ನಿಂತೈತಿ." ಇದು ಅಕ್ಬರಬಿಯದೇ ಉಪಾಯ.

ಮಾರ್ಚಿನಲ್ಲಿ ಎಲ್ಲ ಶಾಂತವಾಯಿತು. ಹೊರಟರು.

ಬಗದಾದಿನಲ್ಲಿ ಮೊದಲ ಎರಡು ದಿನ ಐದೂವರೆಗೆ ಸರಿಯಾಗಿ ಘಾಟ್ಕೋಪರ್ ಬಂತು. ಮೂರನೇ ದಿನ ಚಾದರ ಹೊದಿಸಿ, ಅಕ್ಬರಬಿ ಗಂಡನ ಹೆಸರನ್ನೂ ಮಗನ ಹೆಸರನ್ನೂ ಹೇಳಿ, ಕಣ್ಣೊರೆಸಿಕೊಂಡು ಬಸ್ಸಿಗೆ ಬಂದಳು. ಎಲ್ಲರೂ ಕೂತಾಗಿತ್ತು. ಡ್ರೈವರ್ ಗೇರು ಹಾಕಿದ.

"ನಿಲ್ಲಸ್ರಿ," ಅಂದಳು ಅಕ್ಬರಬಿ. "ಇಪ್ಪತ್ತೊಂದು."

ಯಾರಿಲ್ಲ? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಬರಬಿಯೇ ಹೇಳಿದಳು, "ಕಿಟಕಿ ಕಡೆ ಕೂಡೋ ಸೊಲ್ಲಾಪುರದ ಮುದುಕಪ್ಪ. ಕೆಂಪು ಚೀಲ ಇಲ್ಲೈತಿ, ಮನಷ್ಯ ಇಲ್ಲ." ಬಾಷಾ ಓಡಿದ. ಮುದುಕ ದರ್ಗಾದ ಇನ್ನೊಂದು ಬಾಗಿಲಿನಿಂದ ಹೊರಬಿದ್ದು, ಎಲ್ಲ ಬಸ್ಸೂ ಒಂದೇ ಬಣ್ಣವಾಗಿ ಕಂಡು, ನಿಂತಲ್ಲೇ ನಿಂತಿದ್ದ. ಕರೆತರುವಷ್ಟರಲ್ಲಿ ಒಂದು ತಾಸು ಹೋಯಿತು. ಅಕ್ಬರಬಿ ಮಗನಿಗೆ "ಗಾಡಿ ನಿಂತೈತಿ" ಎಂದು ಕಳಿಸಿದಳು.

ಬಸ್ಸು ಹೊರಟು ಚೆಕ್‌ಪೋಸ್ಟಿಗೆ ಬಂತು. ಬಂದೂಕು ಹೆಗಲಿಗೇರಿಸಿದ ಎಳೆ ಮುಖದ ಸಿಪಾಯಿಯೊಬ್ಬ ಒಳಗೆ ಹತ್ತಿದ. ಎಲ್ಲರೂ ಬಾಷಾ ಹೇಳಿದಂತೆ ಕೈ ತೊಡೆಯ ಮೇಲಿಟ್ಟು ಸುಮ್ಮನೆ ಕೂತರು. ಸಿಪಾಯಿ ಒಬ್ಬೊಬ್ಬರ ಪಾಸ್‌ಪೋರ್ಟು ನೋಡುತ್ತ ಬಂದು ಹಿಂದಿನ ಉದ್ದ ಸೀಟಿನ ಹತ್ತಿರ, ಅಕ್ಬರಬಿಯ ಮುಂದೆ, ನಿಂತ.

ಈಗ ನೋಡಿ, ಇಪ್ಪತ್ತೇಳು ವರ್ಷದ ಅಭ್ಯಾಸ. ಬಾಯಿಗೆ ಪಾಠ ಕಲಿಸಿದ್ದರು, ಸೊಂಟಕ್ಕೆ ಯಾರೂ ಕಲಿಸಿರಲಿಲ್ಲ. ಸೀಟಿನ ಮುಂದೆ ಒಬ್ಬ ಮನುಷ್ಯ ಬಂದು ನಿಂತದ್ದೇ ತಡ, ಅಕ್ಬರಬಿಯ ಮೈ ತಾನಾಗಿ ಸರಿಯಿತು. ಪಕ್ಕದವಳನ್ನು ಮೊಣಕೈಯಿಂದ ಒತ್ತಿದಳು, ನಾಲ್ಕು ಬೆರಳು ಜಾಗ ಮಾಡಿದಳು, ಅಂಗೈಯಿಂದ ಸೀಟು ತಟ್ಟಿ ತೋರಿಸಿದಳು. ಬಾ, ಕೂಡು.

ಬಾಷಾ ಕಣ್ಣು ಮುಚ್ಚಿಕೊಂಡ.

ಸಿಪಾಯಿ ಆ ನಾಲ್ಕು ಬೆರಳಿನ ಜಾಗ ನೋಡಿದ. ತನ್ನ ಬೂಟು, ಬಂದೂಕು, ದಪ್ಪ ಅಂಗಿ ನೋಡಿಕೊಂಡ. ಅವನ ಮುಖದಲ್ಲಿ ಮೊದಲು ಏನೂ ಇರಲಿಲ್ಲ, ಆಮೇಲೆ ಮೀಸೆಯ ಕೆಳಗೆ ನಗು ಬಂತು. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಅವಳ ಪಾಸ್‌ಪೋರ್ಟು ನೋಡಿ, ಎರಡೂ ಕೈಯಿಂದ ತಿರುಗಿ ಕೊಟ್ಟು ಇಳಿದುಹೋದ.

"ಮೌಶೀ!" ಅಂದ ಬಾಷಾ, ಬೆವರು ಒರೆಸಿಕೊಳ್ಳುತ್ತ. "ನಿಮ್ಮನ್ನ ಸೀಟಿಗೆ ಹೊಲಿದು ಕೂಡಸಬೇಕಾಗಿತ್ತು!"

"ಏನ್ ಮಾಡ್ಲೋ ತಮ್ಮಾ, ಹುಡುಗ ನಿಂತಿದ್ದ. ನಮಗಂತೂ ತಡಕೊಳ್ಳಾಕ ಆಗಂಗಿಲ್ಲ."

ಇತ್ತ ಮುಂಬಯಿಯಲ್ಲಿ ಆಸಿಫ ಶೆಡ್ಡಿನಿಂದ ಹೊರಟಿದ್ದ. ಗಾಡಿ ನಿಂತೈತಿ ಎಂಬ ಮೆಸೇಜನ್ನು ಮೂವತ್ತು ಸಲ ಓದಿದ್ದ. ಅಂಧೇರಿಯಲ್ಲಿ ಮೆಟ್ರೋ ಹತ್ತಿದ. ಆರೂವರೆ ಆಯಿತು, ಆರೂ ನಲವತ್ತಾಯಿತು. ಪಕ್ಕದವನ ಹಾಡು ಕೇಳದು, ಎದುರಿನವನ ಮಾತು ಕೇಳದು. ಕೊನೆಯ ಸ್ಟೇಷನ್ನಾದ ಘಾಟ್ಕೋಪರ್‌ಗೆ ಇನ್ನೊಂದು ನಿಲ್ದಾಣವಿದೆ ಅನ್ನುವಾಗ ಜೇಬಿನಲ್ಲಿ ಫೋನು ನಡುಗಿತು. "ಘಾಟ್ಕೋಪರ್ ಬಂತು. ನಿನ್ನ ಕೆಲಸ ಆತು." ಆಸಿಫ ಮೆಟ್ರೋದ ಕಂಬಕ್ಕೆ ಹಣೆ ಹಚ್ಚಿ ನಿಂತುಬಿಟ್ಟ. ಹಿಂದಿನವನು, "ಭಾಯ್, ಉತರ್ನಾ ಹೈ ಕ್ಯಾ?" ಇಳಿಯುವುದಿದೆಯೇ ಎಂದು ಎರಡು ಸಲ ಕೇಳಬೇಕಾಯಿತು.

ಆರು ದಿನದ ಮೇಲೆ ಮಧ್ಯಾಹ್ನದ ವಿಮಾನಕ್ಕೆ ಗುಂಪು ಮರಳಿತು. ಕಟಾಂಜನದ ಈಚೆ ಆಸಿಫ, ಗುಲಾಫಶಾ ನಿಂತಿದ್ದರು. ಚನ್ನವ್ವ ಹೊಸ ಒತ್ತಿನ ಮೊದಲ ಚಕ್ಕಲಿಗಳನ್ನು ಡಬ್ಬಿಯಲ್ಲಿ ತಂದಿದ್ದಳು. ಕಪ್ಪು ಚೀಲದ ಹಿಡಿಕೆಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಅಕ್ಬರಬಿ ಹೊರಗೆ ಬಂದಳು. ಮಗನನ್ನು ಕಂಡಳು. ಆದರೆ ಬರಲಿಲ್ಲ. ಹಿಂದಕ್ಕೆ ತಿರುಗಿ ಒಬ್ಬೊಬ್ಬರ ಕಡೆ ಬೆರಳು ಮಾಡಿ ಎಣಿಸತೊಡಗಿದಳು. ಕೆಂಪು ಚೀಲದ ಮುದುಕ ಬಂದ ಮೇಲೆ ಕೊನೆಗೆ ತನ್ನ ಎದೆ ಮುಟ್ಟಿಕೊಂಡು, "ಇಪ್ಪತ್ತೆರಡು," ಅಂದಳು.

ಆಮೇಲೆ ನಡೆದು ಬಂದು ಮಗನ ತಲೆಯ ಮೇಲೆ ಕೈಯಿಟ್ಟಳು.

"ಇಪ್ಪತ್ತಮೂರು."